ಎಪ್ಪತ್ತು ಕೆ.ಜಿ.ಯೊಳಗಿನ ಒಂದನೇ ನಂಬರ್

ಕುಸ್ತಿ ಹಿಡಿಯುವವರು ಗಂಭೀರ, ನೋಡುವವರು ಇನ್ನೂ ಗಂಭೀರ. ನಡುವೆ ಮೈಕ್ ಹಿಡಿದು ನಿಂತವನಿಗೆ ಮಾತ್ರ ಪ್ರತಿ ಸಲ ನಗು ತಡೆಯುವ ಕೆಲಸ. ಆ ಮೈಕಿನವ ನಾನು. ಆರನೇ ಇಯತ್ತೆಗೆ ಸಾಲಿ ಬಿಟ್ಟು ಗಂಗಾವತಿಯ ರೈಸ್ ಮಿಲ್ಲು, ಕುಷ್ಟಗಿಯ ಟಂಟಂ ಗಾಡಿ, ಯಲಬುರ್ಗಾದ ಶಾಮಿಯಾನ ಎಲ್ಲಾ ಮುಗಿಸಿದೆ. ಎಲ್ಲಿಯೂ ಕಾಲು ನಿಲ್ಲಲಿಲ್ಲ. ಕಡೆಗೆ ಮೈಕ್ ಸೆಟ್ಟೇ ಊರೂರು ತಿರುಗುವ ವಸ್ತು ಅಂತ ಅದರ ಜೊತೆಗೇ ಹೊರಟುಬಿಟ್ಟೆ.

ಬೋನಿನೊಳಗಿನ ಮಂದಿ

ಮೊಬೈಲಿಗೆ ಇಂಟರ್ನೆಟ್ ಸಸ್ತಾ ಆದ ಹೊಸತು. ಭಾಗ್ಯನಗರದ ಒಂದು ಚಹಾದಂಗಡಿಯಲ್ಲಿ ನಾನು ಎಂ.ಎಂ.ಎ. ಅನ್ನುವ ಪರದೇಶದ ಕಾಳಗ ನೋಡುತ್ತ ಕುಳಿತಿದ್ದೆ. ಪಕ್ಕದಲ್ಲಿ ಇರಕಲ್ಲಗಡದ ಕಡೆಯ ನನ್ನ ಗೆಳೆಯ, ಒಳ್ಳೆ ಪೈಲ್ವಾನ. ಅವನ ಪಕ್ಕ ಅವನ ಸೋದರಮಾವ. ಈ ಮಾವನೇ ಅವನಿಗೆ ಗರಡಿಯಲ್ಲಿ ಪಟ್ಟು ಕಲಿಸಿದ ಉಸ್ತಾದರು. ನಮ್ಮ ಕಡೆ ಎಲ್ಲಿ ಕುಸ್ತಿ ನಡೆದರೂ ಸೋಲು-ಗೆಲುವು ಹೇಳುವ ಪಂಚರೂ ಅವರೇ.

ಉಸ್ತಾದರು ಮೊಬೈಲಿಗೆ ಇಣುಕಿದರು. "ಬೋನಿನ್ಯಾಗ ಹಾಕಿ ಕೀಲಿ ಜಡದಾರಲ್ಲೋ! ಮನಷ್ಯಾರೋ ಚಿರತಿಯೋ?"

"ಒದಿಯೋದು, ಗುದ್ದೋದು, ಕೆಡವೋದು, ಎಲ್ಲಾ ನಡಿತೈತ್ರಿ. ಆದ್ರ ತೂಕಕ್ಕ ತೂಕ ಜೋಡಿ. ಒಂದೊಂದು ತೂಕದಾಗ ಒಂದನೇ ನಂಬರ್, ಎರಡನೇ ನಂಬರ್ ಅಂತ ಕೊಡ್ತಾರ," ಅಂದೆ.

"ಯಾವ ಲೆಕ್ಕದ ಮ್ಯಾಲೆ?"

"ಯಾರ್ಯಾರನ್ನ ಕೆಡವಿದ, ಹೆಂಗ ಕೆಡವಿದ, ಎಷ್ಟು ವರ್ಷ ಆ ಜಾಗಾ ಬಿಟ್ಟುಕೊಡಲಿಲ್ಲ ಅಂತ ನೋಡ್ತಾರ."

ಪೈಲ್ವಾನ ಬಾಯಿ ಹಾಕಿದ. "ಅಂದ್ರ ಮೈ ದೊಡ್ಡದಿದ್ರ ದೊಡ್ಡವ ಅಲ್ಲ. ಸಣ್ಣ ತೂಕದಾಗ ಹತ್ತು ವರ್ಷ ಗಟ್ಟಿ ಕುಂತವನ ದೊಡ್ಡವ."

ಚಹಾದಂಗಡಿಯವ ಸೌಟು ಅಲ್ಲೇ ಬಿಟ್ಟ. "ಹಂಗಾರ ನಮ್ಮವ್ವನ್ನ ಬರಕೋರಿ. ನಲವತ್ತು ಕೆ.ಜಿ. ಅದಾಳ. ನಾನು ಹುಟ್ಟಿದಾಗಿಂದ ನೋಡ್ತೀನಿ, ಮನ್ಯಾಗ ಒಬ್ಬರೂ ಅಕೀನ್ನ ಅಲ್ಲಾಡಿಸಿಲ್ಲ."

ಗುಜರಿ ಕಾಟಾ

ನಗು ಅಲ್ಲಿಗೆ ನಿಲ್ಲಲಿಲ್ಲ. ಉಸ್ತಾದರ ಮಗಳನ್ನು ಪೈಲ್ವಾನ ಕೇಳಬೇಕೆಂದಿದ್ದ. ಹೊಲಿಗೆ ಮಶೀನು ಇಟ್ಟುಕೊಂಡಿದ್ದ ಆ ಹುಡುಗಿಗೂ ಮನಸ್ಸಿತ್ತು. ಬಾಯಿ ಬಿಟ್ಟು ಕೇಳಿದ ದಿನ ಉಸ್ತಾದರು ಮೀಸೆ ತಿರುವಿದರು. "ಮೊಬೈಲಿನ್ಯಾಗ ನೋಡಿದ್ಯಲ್ಲ? ಎಪ್ಪತ್ತು ಕೆ.ಜಿ.ಯೊಳಗ ನಮ್ಮ ಜಿಲ್ಲಾದ ನಾಕೂ ತಾಲೂಕಿಗೆ ಒಂದನೇ ನಂಬರ್ ಆಗು. ಆಮ್ಯಾಲೆ ಮದವಿ ಮಾತು."

ಅಲ್ಲಿಯವರೆಗೆ ನಮ್ಮಲ್ಲಿ ಜೋಡಿ ಹಚ್ಚುವುದು ಕಣ್ಣಳತೆಯಲ್ಲಿ. ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ, ಭುಜ ನೋಡಿ, ತೊಡೆ ನೋಡಿ "ಜೋಡ ಬರೋಬರಿ ಐತಿ" ಅಂದರೆ ಮುಗಿಯಿತು. ಈಗ ತೂಕದ ಲೆಕ್ಕ ಬಂತು, ತೂಗುವ ಕಾಟಾ ಬೇಕಾಯಿತು. ಕೊಪ್ಪಳದ ಮೊದಲ ಕುಸ್ತಿಗೆ ಒಬ್ಬ ಗುಜರಿಯವ ತನ್ನ ಕಾಟಾ ತಂದು ಕೊಟ್ಟ, ತಾನೂ ಮುಂದಿನ ಸಾಲಿನಲ್ಲಿ ಕುಳಿತ.

ಒಬ್ಬೊಬ್ಬರೇ ಏರಿದರು. ಎಲ್ಲರೂ ಎಪ್ಪತ್ತರ ಒಳಗೇ! ದಿನಾ ಎತ್ತಿನಗಾಡಿಯ ನೊಗ ಎತ್ತಿ ಕಸರತ್ತು ಮಾಡುವ ಒಬ್ಬ ಭೀಮಕಾಯನೂ ಅರವತ್ತೊಂಬತ್ತು.

"ಮೈಯಾಗ ಗಾಳಿ ತುಂಬೇತೇನು ಇವಗ?" ಅಂತ ಉಸ್ತಾದರು ಕಾಟಾದ ಸುತ್ತ ಒಂದು ಸುತ್ತು ಬಂದರು.

ಸಾಲಿನಲ್ಲಿದ್ದ ಕುಷ್ಟಗಿಯ ಪೈಲ್ವಾನ ಯೋಚನೆಗೆ ಬಿದ್ದ. ಕಾಟಾ ನೋಡಿದ, ಗುಜರಿಯವನನ್ನು ನೋಡಿದ. ಆಮೇಲೆ ಒದರಿದ. "ಲೇ ಮಗನ! ನಮ್ಮ ಹಳೇ ಪಂಪ್‌ಸೆಟ್ ಇದರ ಮ್ಯಾಲ ತೂಗಿ ಒಯ್ದಿಯಲ್ಲಲೇ!"

ಅವನ ಹಿಂದಿನವನಿಗೆ ತನ್ನ ಮನೆಯ ತಗಡು ನೆನಪಾಯಿತು. ಇನ್ನೊಬ್ಬನಿಗೆ ಹೊಲ ಉಳುವ ಮುರಿದ ರಂಟೆ. ಗುಜರಿಯವ ಚಪ್ಪಲಿ ಅಲ್ಲೇ ಬಿಟ್ಟು ಓಟ ಕಿತ್ತ. ಪೈಲ್ವಾನರೆಲ್ಲ ಲಂಗೋಟಿಯಲ್ಲೇ ಬೆನ್ನತ್ತಿದರು.

ಅವತ್ತು ಕಣದಲ್ಲಿ ಒಂದು ಕುಸ್ತಿಯೂ ಆಗಲಿಲ್ಲ. ಉಸ್ತಾದರು ಮಾತ್ರ ರಸ್ತೆ ನೋಡುತ್ತ ಅಂದರು: "ಓಟದಾಗ ಅವನ ಒಂದನೇ ನಂಬರ್. ಯಾವ ತೂಕದವರಿಗೂ ಸಿಗಲಿಲ್ಲ."

ಕಂಬಳಿ

ಮುಂದಿನ ಕುಸ್ತಿ ಗಂಗಾವತಿಯಲ್ಲಿ. ಈ ಸಲ ರೈಸ್ ಮಿಲ್ಲಿನ ಖರೇ ಕಾಟಾ. ನಮ್ಮ ಪೈಲ್ವಾನನ ತೂಕ ಎಪ್ಪತ್ತೆರಡು! ಎರಡು ಕೆ.ಜಿ. ಇಳಿಯದಿದ್ದರೆ ಕುಸ್ತಿಯಿಲ್ಲ, ಕುಸ್ತಿಯಿಲ್ಲದಿದ್ದರೆ ಹುಡುಗಿಯಿಲ್ಲ.

"ಮೊಬೈಲಿನ ಮಂದಿ ಬೆವತು ಬೆವತು ತೂಕ ಇಳಸ್ತಾರ," ಅಂತ ನಾನೇ ಹೇಳಿದೆ. ಮಿಲ್ಲಿನ ಹಮಾಲರು ನನ್ನ ಹಳೇ ದೋಸ್ತರು. ಭತ್ತ ಕುದಿಸುವ ಬಾಯ್ಲರ್ ಪಕ್ಕ ಅವನನ್ನು ಕೂರಿಸಿ, ಒಂದು ಕರೀ ಕಂಬಳಿ ಹೊದಿಸಿದೆವು. ಬೆಳಿಗ್ಗೆ ಕುಳಿತವ ಊಟದ ಹೊತ್ತಿಗೆ ಎದ್ದ. ಮುಖ ಬಾಡಿದ ಬದನೆಕಾಯಿ ಆಗಿತ್ತು. ಕಂಬಳಿ ಹೊದ್ದೇ ಕಾಟಾ ಏರಿದ.

ಎಪ್ಪತ್ತೈದು.

"ಬಾಯ್ಲರ್ ಒಳಗಿನ ಭತ್ತ ತಿಂದಿಯೇನಲೇ?" ಅಂದರು ಉಸ್ತಾದರು.

ಒಬ್ಬ ಹಮಾಲ ಕಂಬಳಿಯ ತುದಿ ಹಿಂಡಿದ. ಧಾರಾಕಾರ ನೀರು. "ಬೆವರೆಲ್ಲಾ ಇದರಾಗ ಐತ್ರಿ. ಕಂಬಳಿ ತಗಿ ಮಾರಾಯಾ."

ಪೈಲ್ವಾನ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಉಸ್ತಾದರಿಗೆ ಬುತ್ತಿ ತಂದ ಮಗಳು ಬಾಗಿಲಲ್ಲೇ ನಿಂತಿದ್ದಳು.

"ಅಕಿ ನಿಂತಾಳ," ಅಂತ ನನ್ನ ಕಿವಿಯಲ್ಲಿ ಅಂದ.

"ಕುಸ್ತ್ಯಾಗ ಸಾವಿರ ಮಂದಿ ಮುಂದ ಲಂಗೋಟಿ ಮ್ಯಾಲ ಇರ್ತಿ, ಇಲ್ಲೆಂಥಾ ನಾಚಿಕಿ?"

"ಅಲ್ಲಿ ಓಡ್ಯಾಡ್ತೀನಿ. ಇಲ್ಲಿ ಸುಮ್ನ ನಿಂದರಬೇಕಲ್ಲೋ!"

ಹುಡುಗಿ ಅತ್ತ ಮುಖ ತಿರುವಿದಳು. ಕಂಬಳಿ ಬಿತ್ತು, ಕಾಟಾ ಅರವತ್ತೊಂಬತ್ತೂವರೆಗೆ ಬಂತು. ಸಂಜೆಗೆ ಗಂಗಾವತಿಯವನನ್ನು ನಮ್ಮವನು ಎತ್ತಿ ಒಗೆದ. ಆದರೆ ಹುಡುಗಿ ಅವನನ್ನು ಹೊಗಳಿದ್ದು ಒಂದೇ ಮಾತಿನಲ್ಲಿ: "ಆ ಕಂಬಳಿ ಮೊದಲ ಒಗಿಸ್ರಿ."

ಉಳಿದವ ಒಬ್ಬ

ಆಮೇಲೆ ಕುಷ್ಟಗಿಯವ ಬಿದ್ದ, ಕೊಪ್ಪಳದವರು ಬಿದ್ದರು. ಯಲಬುರ್ಗಾದಲ್ಲಿ ಕಡೆಯವನೂ ಬಿದ್ದ. ನಾನು ಮೈಕಿನಲ್ಲಿ "ಎಪ್ಪತ್ತು ಕೆ.ಜಿ.ಯೊಳಗ ನಾಕೂ ತಾಲೂಕಿಗೆ..." ಅನ್ನುವಷ್ಟರಲ್ಲಿ ಉಸ್ತಾದರು ಮೈಕಿನ ಬಾಯಿಗೆ ಕೈ ಅಡ್ಡ ಹಿಡಿದರು.

"ತಡಿ. ಇನ್ನೂ ಯಾರರ ಉಳದಿರತಾರ. ಹುಡುಕೋಣು."

ಪೈಲ್ವಾನ ಅಳುವ ಹಾಗಾದ. "ಮಾವಾ, ಎಲ್ಲಾರನ್ನೂ ಕೆಡವೀನಿ. ಇನ್ನ ಯಾರನ್ನ ತರ್ಲಿ?"

ಮಗಳು ಜನರೊಳಗಿಂದ ಎದ್ದು ಬಂದಳು. "ಅಪ್ಪಾ, ನಿನ್ನ ಬೆನ್ನಿಗೆ ಮಣ್ಣು ಹಚ್ಚಿದವ ಇನ್ನೂ ಹುಟ್ಟಿಲ್ಲ ಅಂತ ಮನ್ಯಾಗ ದಿನಾ ಹೇಳ್ತಿ. ಖರೇನೋ ಸುಳ್ಳೋ?"

"ಖರೇನ. ಯಾರ್ನ ಬೇಕಾದ್ರೂ ಕೇಳು!"

"ಹಂಗಾರ ಕಾಟಾ ಏರು."

ಇಷ್ಟು ಮಂದಿಯ ಮುಂದೆ ಒಲ್ಲೆ ಅನ್ನಲಾಗಲಿಲ್ಲ. ಧೋತರ ಸಮೇತ ಏರಿದರು. ಅರವತ್ತೆಂಟು.

"ಉಳದವ ನೀನ ಅಪ್ಪಾ," ಅಂದಳು ಮಗಳು. ಜನ ಸಿಳ್ಳೆ ಹಾಕಿದರು. ಉಸ್ತಾದರು ಅಂಗಿ ಕಳಚಿ, ಧೋತರ ಕಚ್ಚೆ ಬಿಗಿದು ಕಣಕ್ಕೆ ಇಳಿದೇಬಿಟ್ಟರು.

ಪೈಲ್ವಾನ ನನ್ನ ಕೈ ಹಿಡಿದ. "ಕೆಡವಿದ್ರ ಮಾವನ ಮರ್ಯಾದಿ ಹೋಕ್ಕೈತಿ, ಬಿದ್ರ ಹುಡುಗಿ ಹೋಕ್ಕಾಳ. ಏನ ಮಾಡ್ಲಲೇ?"

"ಮೊದಲ ಕಾಲಿಗೆ ಬೀಳು. ಗುರು ಅದಾರ. ಆಮ್ಯಾಲಿಂದು ಆಮ್ಯಾಲೆ," ಅಂದೆ.

ಅವನು ಕಣಕ್ಕೆ ಇಳಿದ, ಕೆಂಪು ಮಣ್ಣು ಹಣೆಗೆ ಹಚ್ಚಿಕೊಂಡ, ಬಾಗಿ ಎರಡೂ ಕೈ ಮಾವನ ಪಾದದ ಕಡೆ ಚಾಚಿದ.

ಉಸ್ತಾದರು ಅಷ್ಟು ದಿನವೂ ಮೊಬೈಲಿನಲ್ಲಿ ಬೋನಿನ ಕಾಳಗವನ್ನೇ ನೋಡಿದ್ದರು. ಅಲ್ಲಿ ಎದುರಾಳಿಯ ಕೈ ಕಾಲಿನ ಕಡೆ ಬಂತೆಂದರೆ ಮುಂದಿನ ಗಳಿಗೆಯಲ್ಲಿ ಅವನು ಮೈಮೇಲಿರುತ್ತಾನೆ. "ಕಾಲು ಹಿಡದಾ!" ಅಂತ ಕೂಗಿ ಹಿಂದಕ್ಕೆ ಹಾರಿದರು. ಧೋತರದ ಕಚ್ಚೆ ಹಿಮ್ಮಡಿಗೆ ಸಿಕ್ಕಿತು. ಧೊಪ್ಪಂತ ಬೆನ್ನ ಮೇಲೆ ಬಿದ್ದರು.

ಪೈಲ್ವಾನ ಇನ್ನೂ ಬಾಗಿಯೇ ಇದ್ದ. ಅವನ ಕೈಯಲ್ಲಿ ಪಾದವೂ ಇಲ್ಲ, ಏನೂ ಇಲ್ಲ. ನಾನು ಮೈಕ್ ಹಿಡಿದು ಕಣಕ್ಕೆ ಇಳಿದೆ.

"ಎರಡೂ ಭುಜ ನೆಲಕ್ಕ ಹತ್ತಿದ್ರ ಸೋತಂಗ. ಎರಡೂ ಹತ್ಯಾವು," ಅಂದಳು ಮಗಳು. "ಪಂಚರು ಯಾರದಾರ, ಹೇಳ್ರಿ."

ಪಂಚರು ನೆಲದ ಮೇಲೆ ಆಕಾಶ ನೋಡುತ್ತ ಮಲಗಿದ್ದರು. ಒಮ್ಮೆ ಎಡಭುಜ ಮುಟ್ಟಿ ನೋಡಿಕೊಂಡರು. ಆಮೇಲೆ ಬಲಭುಜ. ಎರಡರಲ್ಲೂ ಮಣ್ಣು.

"ಚಿತ್," ಅಂದರು.

ಜನ ಎದ್ದು ಕುಣಿದರು. ಪೈಲ್ವಾನ ಈಗ ನಿಜವಾಗಿಯೂ ಕಾಲು ಹಿಡಿದ. ನಾನು ಎಬ್ಬಿಸಲು ಕೈ ಕೊಟ್ಟೆ. ಉಸ್ತಾದರು ಕೈ ಬಿಟ್ಟು ಮೈಕನ್ನೇ ಕೆಳಗೆ ಎಳೆದುಕೊಂಡರು. ಮಲಗಿದಲ್ಲಿಂದಲೇ ಯಲಬುರ್ಗಾಕ್ಕೆಲ್ಲಾ ಕೇಳುವ ಹಾಗೆ ಸಾರಿದರು:

"ಒಂದನೇ ನಂಬರ್ ನಮ್ಮ ಅಳಿಯಂದು. ಮದವಿಗೆ ಎಲ್ಲಾರೂ ಬರ್ರಿ. ಆದ್ರ ಬಿದ್ದವರೆಲ್ಲಾ ನೆನಪಿಡ್ರಿ, ಎರಡನೇ ನಂಬರ್ ನಂದು!"