ನಮ್ಮ ಭಾವನ ಐವತ್ತೈದು ದಿನದ ಟೊಮ್ಯಾಟೊ

ನಮ್ಮ ಭಾವ ಎಲ್ಲಿಗೆ ಹೋದರೂ ತಮ್ಮ ಬುದ್ಧಿಗಿಂತ ಒಂದು ಗಂಟೆ ಮೊದಲೇ ತಲುಪುತ್ತಿದ್ದರು! ಅಕ್ಕನ ಗಂಡನ ಮೇಲೆ ನಾದಿನಿ ಹೀಗೆಲ್ಲ ಬರೆಯಬಹುದೇ ಎಂದು ಕೇಳುವವರು ದಯವಿಟ್ಟು ಅವರ ಜತೆ ಒಂದು ದಿನ ಇದ್ದು ಬನ್ನಿ. ಬೇಡ, ಒಂದು ಬೆಳಗ್ಗೆ ಸಾಕು. ಆಮೇಲೆ ಮಾತಾಡೋಣ.

ರೈಲು ಹತ್ತಬೇಕಾದ ದಿನ ಸ್ಟೇಷನ್ನಿನ ಬಾಗಿಲು ತೆಗೆಯುವವನೂ ಇವರೂ ಒಟ್ಟಿಗೇ ಒಳಗೆ ಹೋಗುತ್ತಿದ್ದರು. ಒಮ್ಮೆ ಚಿಂತಾಮಣಿಯಲ್ಲಿ ಯಾರದೋ ಮದುವೆ. ಇವರು ಹೋಗಿ ಇಳಿದಾಗ ಚಪ್ಪರದ ಬಿದಿರಿನ ಗಳುಗಳು ಇನ್ನೂ ನೆಲದ ಮೇಲೇ ಇದ್ದವು. ಹೆಣ್ಣಿನ ತಂದೆ ಇವರನ್ನು ಚಪ್ಪರ ಹಾಕುವ ಆಳು ಎಂದುಕೊಂಡು, "ಏನಪ್ಪಾ, ನಿಂತ್ಕೊಂಡು ನೋಡ್ತೀಯಾ? ಆ ಗಳು ಇತ್ಲಾಗ್ ತಗೊಂಬಾ" ಎಂದರಂತೆ. ಭಾವ ತಂದರು! ಜರಿಪೇಟ ಸುತ್ತಿಕೊಂಡೇ ಗಳು ಹೊತ್ತು ತಂದರು. ಬೇಗ ಹೋಗಿದ್ದಕ್ಕೆ ಕೆಲಸಕ್ಕೆ ಬಂದೆ ನೋಡು ಎಂದು ನನ್ನೆದುರಿಗೆ ಹೆಮ್ಮೆ ಬೇರೆ!

ಅರವತ್ತರ ದಶಕದ ಆರಂಭ. ನಾನು ಶಿಡ್ಲಘಟ್ಟದಲ್ಲಿ ಟೀಚರಾಗಿದ್ದೆ, ಅಕ್ಕನ ಮನೆಯಲ್ಲೇ ವಾಸ. ಭಾವ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಆ ವರ್ಷ ಅಕ್ಕ ಬಸುರಿಯಾದಳು. ಅದು ಮೂರನೆಯ ಸಲ. ಮೊದಲ ಎರಡು ಕೂಸುಗಳೂ ಏಳು ತಿಂಗಳು ತುಂಬುವ ಮೊದಲೇ ಹುಟ್ಟಿ, ಉಳಿದಿರಲಿಲ್ಲ. ಈ ಸಲ ಎಂಟು ದಾಟಿಸಿದರೆ ಗೆದ್ದ ಹಾಗೆ ಎಂದು ಡಾಕ್ಟರಮ್ಮ ಹೇಳಿದ್ದರು. ಗೌರಿಬಿದನೂರಿನ ತವರಿಗೆ ಕಳಿಸುವಂತಿಲ್ಲ, ಮಂಚ ಬಿಟ್ಟು ಏಳುವಂತಿಲ್ಲ. ತಿಂದದ್ದು ಒಂದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. "ಒಂದು ಟೊಮ್ಯಾಟೊ ಹಣ್ಣು ಸಿಕ್ಕಿದ್ರೆ ಉಪ್ಪು ಹಚ್ಕೊಂಡು ತಿಂತಿದ್ದೆ ಕಣೇ" ಎಂದು ನನ್ನ ಹತ್ತಿರ ಅಂದಳು. ನಾನು ಹೋಗಿ ಭಾವನ ಹತ್ತಿರ ಅಂದೆ. ತಪ್ಪು ನನ್ನದೇ!

ಆಗೆಲ್ಲ ನಮ್ಮ ಮನೆಗಳ ಹಿರಿಯರು ಟೊಮ್ಯಾಟೊ ಮುಟ್ಟುತ್ತಿರಲಿಲ್ಲ. ಕೊಯ್ದರೆ ಮಾಂಸದ ಹಾಗೆ ಕಾಣುತ್ತದೆಂದು ಮುಖ ತಿರುಗಿಸುತ್ತಿದ್ದರು. ಹಾಗಾಗಿ ನೆರೆಹೊರೆಯ ಯಾರ ಹಿತ್ತಲಲ್ಲೂ ಅದು ಇರಲಿಲ್ಲ. ಭಾವ ಚಿಕ್ಕಬಳ್ಳಾಪುರದ ಸಂತೆಗೆ ಓಡಿದರು. ತರಕಾರಿ ಗಾಡಿಗಳು ತಮ್ಮ ಹಳ್ಳಿ ಬಿಡುವ ಹೊತ್ತಿಗೆ ಇವರು ಸಂತೆ ಮೈದಾನದಲ್ಲಿ ಚೀಲ ಹಿಡಿದು ನಿಂತಿದ್ದರು. ಅರ್ಧ ಗಂಟೆ ನೋಡಿ, "ಈ ವಾರ ಟೊಮ್ಯಾಟೊ ಬಂದಿಲ್ಲ" ಎಂದು ತಾವೇ ತೀರ್ಮಾನ ಮಾಡಿ ಮನೆಗೆ ಬಂದುಬಿಟ್ಟರು. ಪಕ್ಕದ ಮನೆಯ ಮುನಿಯಮ್ಮ ಅದೇ ಸಂತೆಗೆ ಮಧ್ಯಾಹ್ನ ಹೋಗಿದ್ದಳು. "ಒಂದು ಮಂಕರಿ ಬಂದಿತ್ತು ಸಾಮಿ. ಈ ಕಾಲಕ್ಕೆ ಅದೇ ಕಡೇದಂತೆ" ಎಂದಳು. ಇಂಥವರಿಗೆ ಏನು ಹೇಳುವುದು!

ಸೋಲೊಪ್ಪುವ ಜಾತಿಯಲ್ಲ ನೋಡಿ. ಮಾರನೆಯ ದಿನ ವ್ಯವಸಾಯದ ಕಚೇರಿಯಿಂದ ಒಂದು ಬೀಜದ ಪೊಟ್ಟಣ ಹಿಡಿದು ಬಂದರು. ಹೊಸ ತಳಿ ಅಂತೆ. ಬೇರೆ ಟೊಮ್ಯಾಟೊಗಳು ಹೂವು ಬಿಡುತ್ತ ಕೂತಿರುವಾಗ ಇದು ಹಣ್ಣೇ ಕೊಡುತ್ತದಂತೆ!

"ಸಸಿ ನೆಟ್ಟು ಐವತ್ತೈದೇ ದಿನ ಕಣಮ್ಮ! ನಿಮ್ಮಕ್ಕಂಗೆ ಏಳು ತುಂಬೋ ಹೊತ್ತಿಗೆ ಬುಟ್ಟಿ ತುಂಬಾ ಹಣ್ಣು!"

"ಬುಟ್ಟಿ ಈಗಲೇ ತಂದಿಟ್ಟಿದ್ದೀರಾ ಭಾವ?" ಎಂದೆ, ಚುಚ್ಚುವುದಕ್ಕೆಂದೇ.

ತಂದಿಟ್ಟಿದ್ದರು! ಜಗಲಿಯ ಮೇಲೆ ಎರಡು ಹೊಸ ಬುಟ್ಟಿಗಳಿದ್ದವು.

ಬೀಜ ಹಾಕಿದ ಮೂರನೆಯ ದಿನವೇ ಅಕ್ಕನ ಹೇರ್‌ಪಿನ್ನಿನಿಂದ ಮಣ್ಣು ಕೆದಕಿ ಮೊಳಕೆ ಬಂತೇ ಎಂದು ನೋಡಿದರು. ನಾಲ್ಕನೆಯ ದಿನವೂ ನೋಡಿದರು. ಹೀಗೆ ನೋಡಿ ನೋಡಿಯೇ ಅರ್ಧ ಬೀಜ ಹಾಳಾದವು. ಉಳಿದವು ಇವರ ಕೈಗೆ ಸಿಗದ ಮೂಲೆಯಲ್ಲಿ ಮೊಳೆತವು. ಅಂತೂ ಒಂಬತ್ತು ಸಸಿಗಳನ್ನು ಬಚ್ಚಲ ನೀರು ಹರಿಯುವ ಕಡೆ ಸಾಲಾಗಿ ನೆಟ್ಟರು.

ಇಲ್ಲಿಂದ ಶುರುವಾಯಿತು ಅಸಲಿ ಹುಚ್ಚು. ಮುನಿಯಮ್ಮನ ಮನೆಯಲ್ಲಿ ರೇಷ್ಮೆಹುಳ ಸಾಕುತ್ತಿದ್ದರು. ಚಳಿಯಾದರೆ ಹುಳದ ಮನೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಡುತ್ತಾರೆ, ಶಾಖಕ್ಕೆ ಹುಳ ಬೇಗ ಬೆಳೆಯುತ್ತದೆ. ಇದನ್ನು ಭಾವ ಕಿಟಕಿಯಲ್ಲಿ ನೋಡಿದರು. ಹುಳ ಬೇಗ ಬೆಳೆಯುವುದಾದರೆ ಗಿಡ ಯಾಕೆ ಬೆಳೆಯಬಾರದು? ಸಂಜೆ ನಾನು ಸ್ಕೂಲಿನಿಂದ ಬಂದರೆ ಟೊಮ್ಯಾಟೊ ಸಾಲಿನ ನಡುವೆ ಅಗ್ಗಿಷ್ಟಿಕೆ ಉರಿಯುತ್ತಿದೆ, ಇವರು ಬೀಸಣಿಗೆ ಹಿಡಿದು ಗಾಳಿ ಹಾಕುತ್ತಿದ್ದಾರೆ! ಎರಡು ಗಿಡ ಅಲ್ಲೇ ಬಾಡಿ ಸುಟ್ಟುಹೋದವು.

ಉಳಿದ ಏಳಕ್ಕೆ ಹುಳದ ಹಿಕ್ಕೆಯ ಗೊಬ್ಬರ. ಮುನಿಯಮ್ಮನ ಮನೆಯ ಹಿಕ್ಕೆ ಸಾಲದೆ ಬೀದಿಯ ಮನೆಮನೆಗೂ ಹೋಗಿ ಕೇಳಿದರು. ಕೊಳೆಯಲು ಬಿಡುವಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಹಸಿಹಸಿಯಾಗಿಯೇ ಬುಡಕ್ಕೆ ಸುರಿದರು, ಅದೂ ದಿನ ಬಿಟ್ಟು ದಿನ. ಹಿತ್ತಲಿಗೆ ಹೋಗಬೇಕಾದರೆ ಮೂಗು ಮನೆಯಲ್ಲೇ ಬಿಟ್ಟು ಹೋಗಬೇಕು! ಗಿಡಗಳು ಗೋಡೆ ಹತ್ತಿದವು, ಎಲೆಗಳು ಅಂಗೈ ಅಗಲವಾದವು. ಬೀದಿಯವರೆಲ್ಲ ಬಂದು ನೋಡಿ ಹೋದರು. ಹೂವು ಮಾತ್ರ ಒಂದೂ ಇಲ್ಲ.

ಐವತ್ತೈದನೆಯ ದಿನ ಭಾವ ರಜೆ ಹಾಕಿ, ಸ್ನಾನ ಮಾಡಿ, ಮಡಿ ಪಂಚೆ ಉಟ್ಟು ಹಿತ್ತಲಿಗೆ ಹೋದರು. ಕೈಯಲ್ಲಿ ಬುಟ್ಟಿ.

"ಎರಡನೇ ಬುಟ್ಟಿಯೂ ಕೊಡಲಾ ಭಾವ? ಎಲೆ ಬೇಕಾದಷ್ಟಿದೆ, ಪಲ್ಯ ಮಾಡೋಣ" ಎಂದೆ.

ಮುನಿಯಮ್ಮ ಗೋಡೆಯಾಚೆಯಿಂದ ಇಣುಕಿದಳು. "ಅಯ್ಯೋ ಸಾಮಿ, ಏಮಿಟಿದಿ, ಏನಿದು! ಹಸಿ ಹಿಕ್ಕೆ ಅಷ್ಟೊಂದು ಸುರಿದ್ರೆ ಎಲೆ ಬರ್ತದೆ, ಕಾಯಿ ಎಲ್ಲಿ ಬರ್ತದೆ? ಮೇಯ್ಸಿ ಮೇಯ್ಸಿ ಮಲಗಿಸ್ಬುಟ್ರಿ. ಇನ್ನು ಕೈ ಕಟ್ಕೊಂಡು ಕೂತ್ಕೊಳಿ, ತಾನೇ ಬಿಡ್ತದೆ."

ಐವತ್ತೈದು ದಿನದ ತಳಿಗೆ ತೊಂಬತ್ತು ದಿನ ಹಿಡಿಸಿದ ಮಹಾನುಭಾವರು ನಮ್ಮ ಜಿಲ್ಲೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ? ಈ ಮಾತನ್ನು ನಾನು ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸಿದೆ, ಗೌರಿಬಿದನೂರಿಗೆ ಕಾಗದ ಬರೆದು ನಗಿಸಿದೆ, ಭಾವನ ಎದುರಿಗೇ ಹೇಳಿ ಒಬ್ಬಳೇ ನಕ್ಕೆ.

ಕೊನೆಗೆ ಹೂ ಬಿಟ್ಟು, ಎಣಿಸಿದ ಹಾಗೆ ನಾಲ್ಕು ಕಾಯಿ ನಿಂತು ಬಲಿತವು. ಅಕ್ಕನಿಗೆ ಆಗ ಏಳು ತುಂಬಿ ಎಂಟಕ್ಕೆ ಬಿದ್ದಿತ್ತು. ಅದೇ ವಾರ ಒಂದು ಬೆಳಗ್ಗೆ ಅವಳಿಗೆ ಸೊಂಟದಲ್ಲಿ ನೋವು ಕಾಣಿಸಿಕೊಂಡಿತು. ಡಾಕ್ಟರಮ್ಮ ಬಂದು ಸೂಜಿ ಚುಚ್ಚಿ, "ಈಗಲೇ ಆಗಬಾರದು. ಒಂದೊಂದು ದಿನ ಒಳಗಿದ್ದಷ್ಟೂ ಮಗುವಿಗೆ ಒಳ್ಳೇದು" ಎಂದು ಹೇಳಿ ಹೋದರು. ನೋವು ನಿಂತಿತು. ನಮ್ಮ ಹೆದರಿಕೆ ನಿಲ್ಲಲಿಲ್ಲ.

ಅಕ್ಕನಿಗೆ ಏನಾದರೂ ರುಚಿಯಾದದ್ದು ಕೊಡಬೇಕೆಂದು ನಾನು ಹಿತ್ತಲಿಗೆ ಹೋದೆ. ಒಂದು ಕಾಯಿಯ ತುದಿ ಸ್ವಲ್ಪ ಕೆಂಪಾಗಿತ್ತು. ಕಿತ್ತು ಅಕ್ಕಿ ಡಬ್ಬದಲ್ಲಿಟ್ಟರೆ ಎರಡು ದಿನದಲ್ಲಿ ಹಣ್ಣಾಗುತ್ತದೆ. ಕೈ ಹಾಕಿದೆ.

"ಬೇಡಮ್ಮ, ಕೀಳ್ಬೇಡ."

ಭಾವ ಗಿಡದ ಆಚೆ ನೆಲದ ಮೇಲೆ ಕೂತಿದ್ದರು. ಕಚೇರಿಗೆ ಹೊತ್ತಾಗಿತ್ತು, ಶರ್ಟು ಕೂಡ ಹಾಕಿರಲಿಲ್ಲ.

"ಇವತ್ತು ಕಿತ್ತರೆ ಬೇಗ ಹಣ್ಣಾಗುತ್ತೆ ಭಾವ."

"ಬೇಗ ಬೇಡ. ಗಿಡದಲ್ಲೇ ಇರ್ಲಿ, ಪೂರ್ತಿ ತುಂಬ್ಕೊಳ್ಲಿ" ಎಂದರು. "ಎರಡು ಕೂಸೂ ಬೇಗ ಬಂದು ಹೋಗ್ಬಿಟ್ವಲ್ಲಮ್ಮ. ಇನ್ನು ನಂಗೆ ಯಾವುದೂ ಬೇಗ ಬೇಡ."

ನಾನು ಗಿಡದ ಮೇಲಿಂದ ಕೈ ತೆಗೆದೆ. ಇಷ್ಟು ದಿನ ಊರೆಲ್ಲ ನಗಿಸಿದ್ದಕ್ಕೆ ನನಗೆ ನಿಜವಾಗಿ ನಾಚಿಕೆಯಾಯಿತು. ನಾನೂ ಅಲ್ಲೇ ಕೂತೆ. ಆ ಹಣ್ಣು ಕೆಂಪಾಗಲು ಇನ್ನೂ ಎಂಟು ದಿನ ಹಿಡಿಯಿತು. ಅಕ್ಕ ಉಪ್ಪು ಹಚ್ಚಿಕೊಂಡು ತಿಂದಳು, ಅದು ಹೊಟ್ಟೆಯಲ್ಲಿ ನಿಂತಿತು.

ಎಂಟು ದಾಟಿತು, ಒಂಬತ್ತು ತುಂಬಿತು. ಹೆರಿಗೆಯ ದಿನ ಸೂಲಗಿತ್ತಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದಳು. ಹೆಣ್ಣುಮಗು, ಗಟ್ಟಿಯಾಗಿ ಅಳುತ್ತಿತ್ತು. ಭಾವ ಬಾಗಿಲ ಪಕ್ಕದಲ್ಲೇ ನಿಂತಿದ್ದರು, ಆದರೆ ಕೈ ಚಾಚಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು ನನ್ನ ಕಡೆ ನೋಡಿದರು.

"ಮೊದಲು ನೀನು ಎತ್ಕೊಳಮ್ಮ. ನಾನು ಆಮೇಲೆ ಎತ್ಕೋತೀನಿ" ಎಂದರು.