ಕನಕಪ್ಪ ಮಾಸ್ತರರ ಕಾಲ್ನಡಿಗೆ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಸೋಮವಾರ, ಅಕ್ಕಿಆಲೂರಿನ ಹೊಸ ಪ್ಲಾಟು ಎಂಬ ಬಡಾವಣೆಯಲ್ಲಿ ಕನಕಪ್ಪ ಎಂಬ ಮಾಸ್ತರರಿದ್ದರು. ಕತೆಯ ರಾಜಕುಮಾರರು ಏಳು ಸಮುದ್ರ ದಾಟುವ ಮಾತು ಕೊಟ್ಟರೆ, ಇವರು ತಾಯಂದಿರ ಸಭೆಯಲ್ಲಿ ಕೊಟ್ಟದ್ದು ಇಷ್ಟೇ: ಪ್ಲಾಟಿನ ಮಕ್ಕಳನ್ನು ಶಾಲೆಯವರೆಗೆ ಸುರಕ್ಷಿತವಾಗಿ ನಡೆಸಿ ತೋರಿಸುತ್ತೇನೆ. ತೋರಿಸಿದರೆ ಮರುದಿನದಿಂದ ದಿನವೂ ನಡಿಗೆ. ಇಲ್ಲವಾದರೆ ಮತ್ತೆ ಅದೇ ಆಟೋ, ಮೆಣಸಿನಕಾಯಿ ಚೀಲದಂತೆ ತುರುಕಿದ ಮಕ್ಕಳು.

ಸಾಲು ಹೊರಟಿತು. ಆದರೆ ಆ ಭಾಗದಲ್ಲಿ ನಡೆಯುವವರನ್ನು ಕಂಡೂ ಗಾಡಿ ನಿಲ್ಲಿಸದಿದ್ದರೆ ಮನೆತನಕ್ಕೇ ಕೆಟ್ಟ ಹೆಸರು. ಹಾಲಿನ ಗಾಡಿಯವನನ್ನು ಮಾಸ್ತರರು ಹೇಗೋ ಕೈಮುಗಿದು ಕಳಿಸಿದರು. ಹಿಂದೆಯೇ ಬೈಕಿನಲ್ಲಿ ಪ್ಲಾಟಿನ ಹಿರಿಯ ಕರಬಸಪ್ಪ.

“ನಾವೇನ್ ಸತ್ತೇವೇನ್ರಿ ಸರ? ಕೂಸುಗಳನ್ನ ನಡಸಾಕತ್ತೀರಲ್ಲ.”

“ನಡದ್ರ ಛಲೋರಿ ಕಾಕಾ.”

“ನಮ್ಮ ಗಾಡಿ ಒಲ್ಲೆ ಅನ್ನರಿ. ತಿಳೀತು ಬಿಡ್ರಿ.”

ಕರಬಸಪ್ಪ ಮದುವೆಗೆ ಕರೆಯದೆ ಬಿಟ್ಟ ಬೀಗರಂತೆ ಮುಖ ಮಾಡಿಕೊಂಡು ಹೋದರು.

ರಸ್ತೆ ದಾಟುವಲ್ಲಿ ಮಾಸ್ತರರು ನಟ್ಟನಡುವೆ ನಿಂತು, ಅಕ್ಕಿ ಗಿರಣಿಗೆ ಭತ್ತ ಒಯ್ಯುತ್ತಿದ್ದ ಫಯಾಜನ ಟ್ರ್ಯಾಕ್ಟರ್ ತಡೆದರು. ನಡೆಯುತ್ತಿದ್ದ ಮಕ್ಕಳನ್ನು ಕಂಡು ಫಯಾಜನ ಕರುಳು ಚುರ್ ಎಂದಿತು. ಮಾಸ್ತರರು ಆಚೆಯ ಬಸ್ ತಡೆಯಲು ಬೆನ್ನು ತಿರುಗಿಸಿದ್ದೇ ತಡ, ಅವನು ಮಕ್ಕಳನ್ನೆಲ್ಲ ಹತ್ತಿಸಿಕೊಂಡ; ಸಾಲಿಗೆ ಸಾಲೇ ಭತ್ತದ ಚೀಲಗಳ ಮೇಲೆ ಕುಳಿತು ಅವರಿಗೆ ಟಾಟಾ ಮಾಡುತ್ತ ಹೋಯಿತು.

ಮಾಸ್ತರರು ಓಡಿದರು. ಎದುರಿಗೆ ಕರಬಸಪ್ಪ ಮರಳಿ ಬಂದರು.

“ಈಗರ ಹತ್ತತೀರೋ, ಇನ್ನೂ ನಡ್ಯೂದ ಛಲೋ ಐತೋ?”

ಹತ್ತಿದರು. ಟ್ರ್ಯಾಕ್ಟರಿಗಿಂತ ಮೊದಲು ಮುಟ್ಟಿ, ಮಕ್ಕಳನ್ನು ಶಾಲೆಯ ಹತ್ತಿರದ ತಿರುವಿನಲ್ಲೇ ಇಳಿಸಿ ಸಾಲು ಮಾಡಿಬಿಡುವ ಆಸೆ. ಕರಬಸಪ್ಪ ಒಳದಾರಿಯಲ್ಲಿ ನುಗ್ಗಿ, ಶಾಲೆಯ ಗೇಟಿನೆದುರು, ಕಾಯುತ್ತಿದ್ದ ತಾಯಂದಿರ ನಡುವೆಯೇ ಬ್ರೇಕ್ ಹಾಕಿದರು.

“ಮಕ್ಕಳೆಲ್ಲಿ ಸರ?” ಎಂದರು ಆರನೆಯ ತರಗತಿಯ ಅಂಕಿತಾಳ ತಾಯಿ ವೀರವ್ವ.

ಅಷ್ಟರಲ್ಲಿ ತಿರುವಿನಲ್ಲಿ ಸಾಲು ಕಾಣಿಸಿತು. ಅಕ್ಕಿ ಗಿರಣಿಯ ಕಡೆ ಹೊರಳುವಾಗ ಫಯಾಜ ಎಲ್ಲರನ್ನೂ ಇಳಿಸಿದ್ದ. ಸಾಲಿನ ಮುಂದಿದ್ದ ಅಂಕಿತಾ ಕೈ ಎತ್ತಿ, ಬರುತ್ತಿದ್ದ ಬಸ್ ನಿಲ್ಲಿಸಿದಳು. ಮಕ್ಕಳು ಒಬ್ಬರ ಹಿಂದೊಬ್ಬರು ದಾಟಿ ಬಂದರು. ಅವರ ಕೂದಲಲ್ಲಿದ್ದ ಭತ್ತದ ಹೊಟ್ಟನ್ನು ಯಾವ ತಾಯಿಯೂ ನೋಡಲಿಲ್ಲ. ಎಲ್ಲರೂ ನೋಡಿದ್ದು ಬೈಕಿನ ಮೇಲಿದ್ದ ಮಾಸ್ತರರನ್ನು.

ಆಟೋ ಅಲ್ಲೇ ರದ್ದಾಯಿತು.

“ಮಕ್ಕಳು ಶಾಣ್ಯಾ ಅದಾವ್ರಿ,” ಎಂದರು ವೀರವ್ವ. “ನಿಮ್ಮನ್ನಷ್ಟ ಯಾರರ ಕರಕೊಂಡು ಅಡ್ಡಾಡಬೇಕು.”

ಸಂಜೆ ಸಾಲು ಮನೆಗೆ ಹೊರಟಾಗ ಅಂಕಿತಾ ಮಾಸ್ತರರ ಕೈ ಹಿಡಿದಳು. ದಾರಿಯಲ್ಲಿ ಕಾರೊಂದು ನಿಂತಿತು, ಬಾಗಿಲೂ ತೆರೆಯಿತು. ಮಾಸ್ತರರ ಕಾಲು ತಾನಾಗಿ ಅತ್ತ ಹೊರಳಿತು.

“ಬ್ಯಾಡ್ರಿ ಅಣ್ಣಾ,” ಅಂದಳು ಅಂಕಿತಾ. “ಸರ್‌ನ ನಡಿಸಿಕೊಂಡು ಹೊಂಟೇವ್ರಿ.”

ಅಂತೂ ಮಾತು ನಡೆಯಿತು. ಮಕ್ಕಳು ಮಾಸ್ತರರನ್ನು ಅವರ ಮನೆಯ ಬಾಗಿಲವರೆಗೆ ಸುರಕ್ಷಿತವಾಗಿ ಮುಟ್ಟಿಸಿದರು.