ಮದುವೆಗೆ ಕೊಡದ ಕಪ್ಪೆಗಳು

ನಾಯಿ ಸಾಕಿದವನಿಗೆ ನಾಯಿ ಬಾಲವನ್ನಾದರೂ ಅಲ್ಲಾಡಿಸುತ್ತದೆ. ಗಿಳಿ ಸಾಕಿದವನನ್ನು ಗಿಳಿ ಹೆಸರು ಹಿಡಿದು ಬೈಯುತ್ತದೆ. ಅದೂ ಒಂದು ಬಗೆಯ ಗುರುತೇ. ಬೆಕ್ಕಿನ ಮಾತು ಬೇಡ, ತಾನೇ ನಮ್ಮನ್ನು ಸಾಕುತ್ತಿದ್ದೇನೆ ಎಂದು ಅದು ತಿಳಿದುಕೊಂಡಿರುತ್ತದೆ. ಆದರೆ ಕಪ್ಪೆ ಸಾಕಿದವನ ಬಾಳು ಶತ್ರುವಿಗೂ ಬೇಡ. ಹೊತ್ತು ಹೊತ್ತಿಗೆ ಉಣಿಸಿ, ನೀರು ಬದಲಿಸಿ, ಗಾಜು ಒರೆಸಿ, ಸೊಂಟ ಹಿಡಿದುಕೊಂಡು ಮೇಲೆದ್ದರೆ ಅವು ನಮ್ಮನ್ನು ಗೋಡೆಯನ್ನು ನೋಡಿದ ಹಾಗೆ ನೋಡುತ್ತವೆ. ಗೋಡೆಯ ಮೇಲಾದರೂ ಒಂದು ಹುಳ ಬಂದು ಕೂತೀತೆಂಬ ಆಸೆ ಅವಕ್ಕುಂಟು. ನನ್ನ ಮೇಲೆ ಅದೂ ಇಲ್ಲ.

ಈ ಎರಡು ಕಪ್ಪೆಗಳು ನನ್ನವಲ್ಲ, ನನ್ನ ಮಗಳು ವಿದ್ಯಾಳವು. ಹೈದರಾಬಾದಿನ ಜೀಡಿಮೆಟ್ಲಾದ ಔಷಧದ ಕಾರ್ಖಾನೆಯೊಂದರಲ್ಲಿ ಅವಳಿಗೆ ಕೆಲಸ. ಹೋದ ವರ್ಷ ಒಂದು ಸಂಜೆ ಗಾಜಿನ ಪೆಟ್ಟಿಗೆಯ ಸಮೇತ ಇವುಗಳನ್ನು ದಿಲ್‌ಸುಖ್‌ನಗರದ ನಮ್ಮ ಮನೆಗೆ ತಂದಳು. ಪೆಟ್ಟಿಗೆಯಲ್ಲಿ ಅರ್ಧ ನೀರು, ಅರ್ಧ ಕಲ್ಲು, ಪಾಚಿ. ಕಪ್ಪೆಗಳು ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡವು. ಬೆನ್ನು ಹಸಿರು, ಅದರ ಮೇಲೆ ಕರಿ ಚುಕ್ಕೆ. ಹೊಟ್ಟೆ ಮಾತ್ರ ನಿಗಿನಿಗಿ ಕೆಂಡ. ಅದಕ್ಕೇ ಇವಕ್ಕೆ ಇಂಗ್ಲಿಷಿನಲ್ಲಿ ಫೈರ್ ಬೆಲ್ಲೀಡ್ ಟೋಡ್ ಎಂದು ಹೆಸರಂತೆ. ಈ ಬೇಸಿಗೆಯಲ್ಲಿ ಕಂಪನಿಯವರು ಅವಳನ್ನು ತರಬೇತಿಗೆಂದು ವಿಶಾಖಪಟ್ಟಣಕ್ಕೆ ಕಳಿಸಿದರು. ಹೊರಡುವಾಗ ಅವಳು, "ಅಪ್ಪಾ, ಅಮ್ಮಂಗ ಕಪ್ಪಿ ಕಂಡ್ರ ಆಗೂದಿಲ್ಲ. ನಿನ್ನ ಮ್ಯಾಲೇ ಬಿಟ್ಟು ಹೊಂಟೀನಿ. ನಾ ಬರೂತನಾ ಎರಡೂ ಜೀವಂತ ಇರಬೇಕ ನೋಡು" ಎಂದಳು. ನನ್ನ ಬಿ.ಪಿ. ಮಾತ್ರೆಯ ಬಗ್ಗೆ ಏನೂ ಹೇಳಲಿಲ್ಲ.

ಅಂದಿನಿಂದ ನಾನು ದಣಿದಿದ್ದೇನೆ. ಇವು ತಂಪು ಸೀಮೆಯ ಪ್ರಾಣಿಗಳು. ಹೈದರಾಬಾದಿನ ಮೇ ತಿಂಗಳು ಇಲ್ಲಿ ಹುಟ್ಟಿದವರಿಗೇ ತಡೆಯುವುದಿಲ್ಲ, ಇನ್ನು ಇವುಗಳ ಗತಿ ಏನು? ಮನೆಯಲ್ಲಿದ್ದ ಒಂದೇ ಕೂಲರಿನ ಮುಖವನ್ನು ಅವುಗಳ ಕಡೆ ತಿರುಗಿಸಿದೆ. ಇವು ನೀರನ್ನು ಚರ್ಮದಿಂದಲೇ ಕುಡಿಯುತ್ತವಂತೆ. ನಲ್ಲಿಯ ನೀರಿನಲ್ಲಿ ಔಷಧಿ ಇರುವುದರಿಂದ ಅದನ್ನು ಬಕೆಟ್ಟಿನಲ್ಲಿ ಹಿಡಿದು, ಬಿಸಿಲಿಗಿಟ್ಟು, ಆರಿಸಿ ಹಾಕಬೇಕು. ಓಣಿಯ ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಎಲ್ಲರೂ ಕೊಡ ಹಿಡಿದು ನಿಲ್ಲುತ್ತಿದ್ದ ದಿನಗಳವು. ನನ್ನ ಹೆಂಡತಿ ಶಾರದಾ ಒಂದು ದಿನ ಬಚ್ಚಲಿನಿಂದ ಹೊರಬಂದವಳೇ, "ಕಪ್ಪಿಗಿ ಎರಡು ಬಕೀಟು, ನನಗ ಒಂದು ಚರಗಿ. ಮುಂದಿನ ಜನ್ಮಕ್ಕ ನಾನೂ ಗಾಜಿನ ಡಬ್ಬ್ಯಾಗ ಹುಟ್ತೀನ್ರಿ, ಅಂದ್ರ ನಿಮ್ಮ ಕೈಲೆ ಸೇವಾ ಮಾಡಿಸ್ಕೋಬಹುದು" ಎಂದಳು. ನಾನು ಎರಡನೆಯ ಬಕೆಟ್ಟನ್ನು ಬಿಸಿಲಿಗೆ ಒಯ್ದಿಟ್ಟೆ.

ಊಟದ ಕಥೆ ಬೇರೆಯೇ. ಸತ್ತದ್ದನ್ನು ಇವು ಮೂಸಿಯೂ ನೋಡುವುದಿಲ್ಲ. ಜಿಗಿಯುವ ಜೀರುಂಡೆ ಬೇಕು. ಅಂಗಡಿಯಿಂದ ತಂದ ಜೀರುಂಡೆಗಳಲ್ಲಿ ಒಂದಿಷ್ಟು ತಪ್ಪಿಸಿಕೊಂಡು ದೇವರ ಮಂಟಪದ ಹಿಂದೆ ಸಂಸಾರ ಹೂಡಿದವು. ನನ್ನ ಅವ್ವನಿಗೆ ಕಿವಿ ಮಂದವಾಗಿರುವುದರಿಂದ ಆ ಸದ್ದು ಹಿತವಾಗಿ ಕೇಳಿಸಿ, "ಯಾರೋ ಭಜನಿ ಹಚ್ಯಾರ ನೋಡಪಾ" ಎನ್ನುತ್ತಿದ್ದಳು. ಇವುಗಳ ಚರ್ಮದಲ್ಲಿ ಸಣ್ಣ ವಿಷವೂ ಉಂಟು. ಮುಟ್ಟಿದರೆ ಕೈ ತೊಳೆಯಬೇಕು. ನಾನು ಮರೆತು ಒಮ್ಮೆ ಕಣ್ಣುಜ್ಜಿಕೊಂಡು ಸಂಜೆಯೆಲ್ಲ ಅತ್ತೆ. ಮಾತಾಡಿಸಲು ಬಂದ ಬೀದರಿನ ನೆಂಟರು, ಏನು ಎತ್ತ ಎಂದು ಕೇಳದೆ, ತಾವೂ ಒಂದಿಷ್ಟು ಕಣ್ಣೀರು ಹಾಕಿ ಹೋದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಜೂನ್ ಕಳೆಯುತ್ತ ಬಂದರೂ ಮಳೆಯ ಸುಳಿವಿಲ್ಲ. ಪಕ್ಕದ ಮನೆಯ ಯಾದಮ್ಮ ಓಣಿಯ ಹೆಂಗಸರಿಗೆಲ್ಲ ಹಿರಿಯಳು. ಟ್ಯಾಂಕರಿನ ಸಾಲಿನಲ್ಲಿ ಯಾರ ಕೊಡ ಮುಂದೆ, ಯಾರದು ಹಿಂದೆ ಎಂದು ತೀರ್ಮಾನಿಸುವವಳೂ ಅವಳೇ. ಕಪ್ಪೆಗಳ ಮದುವೆ ಮಾಡಿ, ಅವುಗಳನ್ನು ಮನೆಮನೆಗೆ ಹೊತ್ತು, ತಲೆಯ ಮೇಲೆ ಅರಿಸಿನದ ನೀರು ಸುರಿದರೆ ಮಳೆ ಬರುತ್ತದೆಂಬುದು ತೆಲುಗರ ಕಡೆಯೂ ಇದೆ, ನಮ್ಮ ಕಡೆಯೂ ಇದೆ. ತೊಡಕೇನೆಂದರೆ, ಓಣಿಯ ಗಟಾರಕ್ಕೆಲ್ಲ ಸಿಮೆಂಟು ಬಳಿದು ಆಗಿದೆ. ಕಪ್ಪೆ ಸಿಗಬೇಕಾದರೆ ಮಳೆ ಬರಬೇಕು. ಮಳೆ ಬರಬೇಕಾದರೆ ಕಪ್ಪೆ ಸಿಗಬೇಕು. ಈ ಬಿಕ್ಕಟ್ಟಿನಲ್ಲಿ ಯಾರಿಗೋ ನಮ್ಮ ಮನೆಯ ನೆನಪಾಯಿತು. ಯಾದಮ್ಮ ಗೇಟಿನಲ್ಲಿ ನಿಂತು, "ಅನ್ನಾ, ಮೀ ಕಪ್ಪಲು ಇಸ್ತರಾ?" ಎಂದು ನಮ್ಮ ಕಪ್ಪೆಗಳನ್ನು ಕೇಳಿಯೇಬಿಟ್ಟಳು.

ಕೊಟ್ಟರೆ ಅರಿಸಿನ ನೀರಿಗೆ, ಆ ಬಿಸಿಲಿಗೆ, ಎರಡೂ ಸಂಜೆಯೊಳಗೆ ಶಿವನ ಪಾದ ಸೇರುತ್ತವೆ. ಮಗಳಿಗೆ ಏನು ಮುಖ ತೋರಿಸಲಿ? ಕೊಡದಿದ್ದರೆ ನಮ್ಮ ಕೊಡ ಸಾಲಿನ ತುದಿಗೆ. ನಮ್ಮ ಹಿರಿಯರಿಗೆ ಇಲ್ಲ ಎಂದು ಹೇಳಿ ರೂಢಿಯಿರಲಿಲ್ಲ. ಕೊಡುವ ಮನಸ್ಸಿಲ್ಲದಿದ್ದರೆ "ನೋಡೂಣು" ಅನ್ನುತ್ತಿದ್ದರು, ಕೇಳಿದವನೂ ತಿಳಿದುಕೊಂಡು ಚಹಾ ಕುಡಿದು ಎದ್ದು ಹೋಗುತ್ತಿದ್ದ. ನಾನು ಅದನ್ನೇ ನನ್ನ ತೆಲುಗಿನಲ್ಲಿ "ಚೂದ್ದಾಂ" ಎಂದೆ. ಯಾದಮ್ಮ ಅಕ್ಷರಶಃ ತೆಗೆದುಕೊಂಡಳು. ಮರುದಿನ ಬೆಳಿಗ್ಗೆ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು, ಅರಿಸಿನ ಕುಂಕುಮದ ತಟ್ಟೆ ಹಿಡಿದು, ಕಪ್ಪೆಗಳನ್ನು ನೋಡಲು ಬಂದಳು. ಹೆಣ್ಣು ನೋಡುವ ಶಾಸ್ತ್ರವೇ. ಶಾರದಾ ಚಹಾಕ್ಕೆ ನೀರಿಟ್ಟು ನನ್ನ ಕಿವಿಯಲ್ಲಿ, "ಎರಡೂ ಗಂಡು ಅಂತ ವಿದ್ಯಾ ಹೇಳಿದ್ಲಲ್ರಿ. ಇವರಿಗೆ ಹ್ಯಾಂಗ ಹೇಳ್ತೀರಿ?" ಎಂದಳು.

ನಾನು ಹೇಳುವುದರೊಳಗೆ ಯಾದಮ್ಮ ಮುಚ್ಚಳ ಸರಿಸಿ ಕುಂಕುಮದ ಬೆರಳನ್ನು ಒಳಗೆ ಇಳಿಸಿದ್ದಳು. ಇಡೀ ವರ್ಷ ನನಗೆ ಒಮ್ಮೆಯೂ ತೋರಿಸದ ವಿದ್ಯೆಯನ್ನು ಆಗ ಒಂದು ಕಪ್ಪೆ ತೋರಿಸಿತು. ಹೆದರಿಕೆಗೆ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಕೈಕಾಲು ಮೇಲೆತ್ತಿ, ಕೆಂಪು ಹೊಟ್ಟೆಯನ್ನು ತೋರಿಸುತ್ತ ಕೂತುಬಿಟ್ಟಿತು. ಹೆಂಗಸರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು.

"ಇದೇಂ ಕಪ್ಪ ಅನ್ನಾ?" ಎಂದಳು ಯಾದಮ್ಮ, ಇದೆಂಥ ಕಪ್ಪೆಯೆಂದು.

ಫೈರ್ ಬೆಲ್ಲೀಡ್ ಎಂಬುದನ್ನು ತೆಲುಗಿಗೆ ತರಬೇಕಲ್ಲ. ಹೊಟ್ಟೆಗೆ ಕಡುಪು, ಉರಿಗೆ ಮಂಟ. ಎರಡನ್ನೂ ಜೋಡಿಸಿ, "ಕಡುಪು ಮಂಟ ಕಪ್ಪಲು" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ಯಾದಮ್ಮ ಅರಿಸಿನ ಕುಂಕುಮದ ತಟ್ಟೆಯನ್ನು ಸೆರಗಿನಿಂದ ಮುಚ್ಚಿದಳು. ಆಮೇಲೆ ನನಗೆ ಹೊಳೆಯಿತು: ನಾವು ಹೊಟ್ಟೆಕಿಚ್ಚು ಅನ್ನುವುದನ್ನೇ ಅವರು ಕಡುಪು ಮಂಟ ಅನ್ನುತ್ತಾರೆ. ಓಣಿಯ ಮುತ್ತೈದೆಯರ ಮುಂದೆ ನಾನು, ಇವು ಇನ್ನೊಬ್ಬರ ಏಳಿಗೆ ಕಂಡು ಕರುಬುವ ಕಪ್ಪೆಗಳು ಎಂದು ಹೇಳಿದ್ದೆ.

ಸೊಸೆಯಿಂದ ಕಿವಿಯಲ್ಲಿ ಕೂಗಿಸಿಕೊಂಡು ವಿಷಯ ತಿಳಿದ ಅವ್ವ ಮಂಚದ ಮೇಲಿನಿಂದಲೇ ತೀರ್ಪು ಕೊಟ್ಟಳು: "ಹೊಟ್ಟಿಕಿಚ್ಚಿನವ್ರು ಹಂದರದಾಗ ಕಾಲಿಟ್ರ ಹಚ್ಚಿದ ಒಲಿನೂ ಆರತೈತಿ, ಬೇ. ಮಳಿ ಎಲ್ಲಿಂದ ಬರಬೇಕು? ಬ್ಯಾಡ ತಗೀರಿ." ಅವಳ ಕನ್ನಡವನ್ನು ಯಾರೂ ತೆಲುಗಿಗೆ ತರಬೇಕಾಗಲಿಲ್ಲ. ಯಾದಮ್ಮ ಕುಂಕುಮದ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಚಹಾ ಕುಡಿಯದೆ ಎದ್ದಳು. ಹಿಂದೆಯೇ ಹೋಗಿ, ಆ ಬೆರಳು ತೊಳಕೊಳ್ಳಮ್ಮ, ವಿಷ, ಎಂದು ಹೇಳಬೇಕಾದ ಕರ್ಮವೂ ನನ್ನದೇ.

ಕಡೆಗೆ ಅವರು ತುಳಸಿಕಟ್ಟೆಯ ಮಣ್ಣು ಕಲಸಿ ಎರಡು ಕಪ್ಪೆ ಮಾಡಿಕೊಂಡರು. ಒಂದೊಂದು ಮನೆಯ ಮುಂದೆ ಒಂದೊಂದು ಕೊಡ ನೀರು ಬಿದ್ದು, ಮೆರವಣಿಗೆ ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಮದುಮಗ ಕರಗಿಹೋಗಿದ್ದ. ಮದುಮಗಳದ್ದು ಬೆನ್ನಷ್ಟೇ ಉಳಿದಿತ್ತು. ಆ ವಾರ ಮಳೆ ಬಂತು, ಸಿಕಂದರಾಬಾದಿನಲ್ಲಿ. ನಮ್ಮ ಕಡೆ ಗಾಳಿ ಬೀಸಿ, ಒಣಗಲು ಹಾಕಿದ್ದ ಸಂಡಿಗೆಯ ಮೇಲೆಲ್ಲ ಮಣ್ಣು ಕೂತಿತು. ಮಳೆ ಓಣಿಯವರೆಗೆ ಬಂದು ಯಾರ ಮನೆಯ ಕಣ್ಣಿಗೆ ಹೆದರಿ ತಿರುಗಿ ಹೋಯಿತೆಂಬುದರ ಬಗ್ಗೆ ಟ್ಯಾಂಕರಿನ ಸಾಲಿನಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ನಮ್ಮ ಕೊಡ ತುದಿಗೆ ಹೋಯಿತು.

ಕಪ್ಪೆಗಳು ಚೆನ್ನಾಗಿವೆ. ವಿದ್ಯಾ ಬಂದು ನೋಡಿ, "ದಪ್ಪ ಆಗ್ಯಾವಲ್ಲಪ್ಪಾ" ಎಂದಳು. ನಾನು ಸೊರಗಿದ್ದು ಅವಳಿಗೆ ಕಾಣಲಿಲ್ಲ. ಆದರೆ ಮೊನ್ನೆ ಗ್ಯಾಸ್ ಸಿಲಿಂಡರಿನವನು ಗೇಟಿನಲ್ಲಿ ನಿಂತು, ಓಣಿಯಲ್ಲಿ ಯಾರೋ ಹೇಳಿಕೊಟ್ಟಂತೆ, "ಕಡುಪು ಮಂಟ ಸಾರ್ ಇಲ್ಲು ಇದೇನಾ?" ಎಂದು ಕೂಗಿ ಮನೆ ಕೇಳಿದ. ಅಲ್ಲ ಎನ್ನಲು ಬಾಯಿ ತೆರೆದೆ. ಒಳಗಿನಿಂದ ಶಾರದಾ, "ಹೌದನ್ರಿ ಲಗೂನ, ಅನ್ನ ಅರ್ಧಾ ಬೆಂದೈತಿ" ಎಂದಳು.

"ಅವುನು ಬಾಬು, ನೇನೇ" ಎಂದು ಒಪ್ಪಿಕೊಂಡು ಗೇಟು ತೆಗೆದೆ.